ವಿಮರ್ಶಕರ ಅಂಕ ಒಂದು, ಆಟಗಾರರ ಅಂಕ ಇನ್ನೊಂದು: ‘ಬ್ಲ್ಯಾಕ್ ಆಪ್ಸ್ 7’ ವಿಚಾರದಲ್ಲಿ ಯಾರನ್ನು ನಂಬುವುದು?

2025ರ ನವೆಂಬರ್ 14ರಂದು ‘ಕಾಲ್ ಆಫ್ ಡ್ಯೂಟಿ: ಬ್ಲ್ಯಾಕ್ ಆಪ್ಸ್ 7’ ಮಾರುಕಟ್ಟೆಗೆ ಬಂತು. 2035ನೇ ಇಸವಿಯಲ್ಲಿ ನಡೆಯುವ ಯುದ್ಧದ ಕತೆಯ ವಿಡಿಯೋ ಗೇಮ್ ಅದು. ಬಂದ ಮೊದಲ ದಿನಗಳಲ್ಲೇ ಮೆಟಾಕ್ರಿಟಿಕ್ ತಾಣದಲ್ಲಿ ಅದರ ಅಂಕ ನೋಡಿದವರಿಗೆ ಗೊಂದಲವಾಯಿತು. ಒಂದು ಕಡೆ ವಿಮರ್ಶಕರ ಸರಾಸರಿ, ನೂರಕ್ಕೆ 60ರ ಮೇಲೆ. ಪಕ್ಕದಲ್ಲೇ ಆಟಗಾರರ ಸರಾಸರಿ, ಹತ್ತಕ್ಕೆ 2 ಕೂಡ ಇಲ್ಲ. ಆಟ ಅದೇ, ಪುಟವೂ ಅದೇ. ಇದೆಂತ ಲೆಕ್ಕ ಎಂದು ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಡಿಸೆಂಬರ್‌ನಲ್ಲಿ ಇನ್ನೊಂದು ಸುದ್ದಿ ಬಂತು. ‘ಕಾಲ್ ಆಫ್ ಡ್ಯೂಟಿ’ ಸರಣಿಯ ಮಾಲೀಕರಾದ ಆಕ್ಟಿವಿಷನ್ ಕಂಪನಿಯೇ ಮುಂದೆ ಬಂದು, ಜನರ ನಿರೀಕ್ಷೆಯನ್ನು ಪೂರ್ತಿ ಮುಟ್ಟಲು ಆಗಿಲ್ಲ ಎಂದು ಒಪ್ಪಿಕೊಂಡಿತು. ಇನ್ನು ಮುಂದೆ ಈ ಸರಣಿಯ ಎರಡು ಶಾಖೆಗಳಾದ ‘ಬ್ಲ್ಯಾಕ್ ಆಪ್ಸ್’ ಆಗಲಿ ‘ಮಾಡರ್ನ್ ವಾರ್‌ಫೇರ್’ ಆಗಲಿ ಸಾಲಾಗಿ ಎರಡು ವರ್ಷ ತರುವುದಿಲ್ಲ ಎಂದೂ ಹೇಳಿತು.

ಕಾಸರಗೋಡಿನ ನಮ್ಮ ಹುಡುಗರಲ್ಲಿ ಹೆಚ್ಚಿನವರು ಆಡುವುದು ಮೊಬೈಲಿನಲ್ಲಿ. 2019ರಲ್ಲಿ ಬಂದ ‘ಕಾಲ್ ಆಫ್ ಡ್ಯೂಟಿ: ಮೊಬೈಲ್’ ಬೇರೆ ಆಟ, ಅದಕ್ಕೂ ಈ ಗಲಾಟೆಗೂ ಸಂಬಂಧ ಇಲ್ಲ. ಆದರೆ ಗಲ್ಫಿನಲ್ಲಿರುವ ಮಾವನೋ ಅಣ್ಣನೋ ತಂದುಕೊಟ್ಟ ಪ್ಲೇಸ್ಟೇಷನ್ ಇರುವ ಮನೆಗಳು ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆಯ ಸುತ್ತ ಸಾಕಷ್ಟಿವೆ. ಅಮೆರಿಕದಲ್ಲಿ ಈ ಆಟದ ಬೆಲೆ 70 ಡಾಲರ್. ನಮ್ಮ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಆಸುಪಾಸು. ಒಂದು ಮನೆಯವರು ಅಷ್ಟು ದುಡ್ಡು ಹಾಕುವ ಮೊದಲು ನೋಡುವುದು ಇದೇ ಅಂಕಗಳನ್ನು. ಹಾಗಾಗಿ ಆ ಅಂಕ ಎಲ್ಲಿಂದ ಬರುತ್ತದೆ ಎಂದು ತಿಳಿದುಕೊಳ್ಳುವುದು ಅಗತ್ಯ.

ಎರಡು ಅಂಕ, ಎರಡು ಪ್ರಶ್ನೆ

ಮೆಟಾಕ್ರಿಟಿಕ್ 2001ರಲ್ಲಿ ಶುರುವಾದ ತಾಣ. ಅದು ತಾನಾಗಿ ವಿಮರ್ಶೆ ಬರೆಯುವುದಿಲ್ಲ. ಬೇರೆ ಬೇರೆ ಪತ್ರಿಕೆ, ತಾಣಗಳ ವಿಮರ್ಶೆಗಳನ್ನು ಒಟ್ಟು ಮಾಡಿ ಒಂದು ಸರಾಸರಿ ಕೊಡುತ್ತದೆ. ಎಲ್ಲ ಪತ್ರಿಕೆಗೂ ಒಂದೇ ತೂಕ ಇಲ್ಲ. ಯಾರಿಗೆ ಎಷ್ಟು ತೂಕ ಎಂದು ಅದು ಬಿಟ್ಟುಕೊಡುವುದೂ ಇಲ್ಲ. ಆಟಗಳಿಗೆ 75 ಅಥವಾ ಹೆಚ್ಚು ಬಂದರೆ ಹಸಿರು, 50ರಿಂದ 74ರ ತನಕ ಹಳದಿ, ಅದಕ್ಕಿಂತ ಕೆಳಗೆ ಕೆಂಪು.

ಆಟಗಾರರ ಅಂಕ ಇದಕ್ಕಿಂತ ಪೂರ್ತಿ ಬೇರೆ. ಒಂದು ಖಾತೆ ತೆರೆದರೆ ಸಾಕು, ಸೊನ್ನೆಯಿಂದ ಹತ್ತರ ತನಕ ಎಷ್ಟು ಬೇಕಾದರೂ ಕೊಡಬಹುದು. ಆಟ ಕೊಂಡಿದ್ದಕ್ಕೆ ಪುರಾವೆ ಕೊಡಬೇಕಿಲ್ಲ. ಸಿಟ್ಟು ಬಂದವನು 4 ಕೊಡುವುದಿಲ್ಲ, ಸೊನ್ನೆ ಕೊಡುತ್ತಾನೆ. ಖುಷಿಯಾದವನು ಸುಮ್ನೆ ಆಡಿಕೊಂಡು ಇರುತ್ತಾನೆ, ಅಂಕ ಕೊಡಲು ಬರುವುದೇ ಇಲ್ಲ. ಹಾಗಾಗಿ ಅಲ್ಲಿ ಸೇರುವುದು ಜಾಸ್ತಿ ಸಿಟ್ಟೇ.

ಹಾಗಂತ ಆ ಅಂಕ ಸುಳ್ಳು ಅಂತಲ್ಲ. ವಿಮರ್ಶಕರಿಗೆ ಕೇಳಿದ ಪ್ರಶ್ನೆ ‘ಈ ಆಟ ಆಡಲು ಹೇಗಿದೆ?’ ಎಂದು. ಆಟಗಾರರು ಉತ್ತರಿಸುತ್ತಿರುವ ಪ್ರಶ್ನೆ ‘ಈ ಕಂಪನಿ ನಮ್ಮ ದುಡ್ಡಿಗೆ ಸರಿಯಾಗಿ ನಡೆದುಕೊಂಡಿತೇ?’ ಎಂದು. ಎರಡು ಪ್ರಶ್ನೆಯ ಉತ್ತರವನ್ನು ಒಂದರ ಪಕ್ಕ ಒಂದು ಇಟ್ಟು, ಎರಡೂ ಒಂದೇ ವಿಷಯದ ಮೇಲಿನ ತೀರ್ಪು ಎಂಬಂತೆ ತೋರಿಸಿದ್ದೇ ಗೊಂದಲದ ಮೂಲ.

ಒಂದೇ ಗೋಣಿಗೆ ಸುರಿದ ಅಡಿಕೆ

ಸರಾಸರಿಯ ತೊಂದರೆ ಅರ್ಥವಾಗಲು ದೂರ ಹೋಗಬೇಕಿಲ್ಲ. ಬದಿಯಡ್ಕದ ಅಡಿಕೆ ಅಂಗಡಿಯಲ್ಲಿ ರೇಟು ಕೇಳಿದರೆ ಒಂದೇ ಸಂಖ್ಯೆ ಹೇಳುವುದಿಲ್ಲ. ಹೊಸ ಚಾಲಿಗೆ ಒಂದು ರೇಟು, ಹಳೆ ಚಾಲಿಗೆ ಇನ್ನೊಂದು. ಪಟೋರ ಬೇರೆ, ಕರಿಗೋಟು ಬೇರೆ. ಅಂಗಡಿಯವರು ಗೋಣಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆಯುತ್ತಾರೆ. ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾರೆ. ಆಮೇಲೆ ರೇಟು. ಎಲ್ಲವನ್ನೂ ಒಂದೇ ಗೋಣಿಗೆ ಸುರಿದು ‘ಸರಾಸರಿ ಇಷ್ಟು’ ಅಂದರೆ ಯಾವ ಬೆಳೆಗಾರನೂ ಒಪ್ಪುವುದಿಲ್ಲ.

‘ಬ್ಲ್ಯಾಕ್ ಆಪ್ಸ್ 7’ರಲ್ಲೂ ಮುಖ್ಯವಾಗಿ ಮೂರು ಬಗೆಯ ಸರಕು ಇದೆ. ಕತೆಯ ಭಾಗ ಒಂದು, ಅದನ್ನು ಕ್ಯಾಂಪೇನ್ ಅನ್ನುತ್ತಾರೆ. ಜನ ಆನ್‌ಲೈನಿನಲ್ಲಿ ಒಬ್ಬರ ಮೇಲೊಬ್ಬರು ಆಡುವ ಮಲ್ಟಿಪ್ಲೇಯರ್ ಇನ್ನೊಂದು. ಹೆಣಗಳ ಹಿಂಡಿನ ಜೊತೆ ಹೊಡೆದಾಡುವ ಜಾಂಬಿ ಭಾಗ ಮೂರನೆಯದು. ವಿಮರ್ಶಕರಲ್ಲಿ ಅನೇಕರು ಕ್ಯಾಂಪೇನನ್ನು ಚೆನ್ನಾಗಿಯೇ ಬೈದರು. ಮಲ್ಟಿಪ್ಲೇಯರ್ ಮತ್ತು ಜಾಂಬಿ ಭಾಗವನ್ನು ಮೆಚ್ಚಿದರು. ಕೊನೆಗೆ ಎಲ್ಲ ಸೇರಿಸಿ ಒಂದು ಅಂಕ ಕೊಟ್ಟರು. ಆ ಅಂಕ ಕ್ಯಾಂಪೇನಿಗೂ ಸರಿಯಲ್ಲ, ಮಲ್ಟಿಪ್ಲೇಯರಿಗೂ ಸರಿಯಲ್ಲ. ಕತೆಗಾಗಿಯೇ ಕೊಂಡವನಿಗೆ ಆ 60ರ ಮೇಲಿನ ಅಂಕ ಮೋಸದಂತೆ ಕಾಣುತ್ತದೆ. ಸಂಜೆ ನಾಲ್ಕು ಜನ ಗೆಳೆಯರ ಜೊತೆ ಆಡುವವನಿಗೆ ಅದು ಕಮ್ಮಿಯಾಯಿತು ಅನಿಸುತ್ತದೆ.

ಸಿಟ್ಟು ಎಲ್ಲಿಂದ ಬಂತು

ಮೊದಲ ಕಾರಣ ಕ್ಯಾಂಪೇನನ್ನು ಕಟ್ಟಿದ ರೀತಿ. ಅದನ್ನು ನಾಲ್ಕು ಜನ ಕೂಡಿ ಆಡಲು ಮಾಡಿದ್ದಾರೆ. ಒಬ್ಬನೇ ಆಡಿದರೂ ಇಂಟರ್ನೆಟ್ ಇರಲೇಬೇಕು. ಬಿಡುಗಡೆಯ ಹೊತ್ತಿಗೆ ಅದರಲ್ಲಿ ನಡುವೆ ಆಟ ನಿಲ್ಲಿಸುವ ಪಾಸ್ ಗುಂಡಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಕೈ ಆಡಿಸದಿದ್ದರೆ ಆಟವೇ ಹೊರಗೆ ಹಾಕುತ್ತಿತ್ತು. ಸಂಪರ್ಕ ತಪ್ಪಿದರೆ ಆ ಹಂತ ಮತ್ತೆ ಮೊದಲಿನಿಂದ.

ಇದು ನಮ್ಮ ಕಡೆ ಹೇಗಿರುತ್ತದೆ ನೋಡಿ. ಜೂನ್ ತಿಂಗಳು, ಮುಳ್ಳೇರಿಯದ ಒಂದು ಮನೆ. ಗಾಳಿಮಳೆಗೆ ತೋಟದ ನಡುವೆ ಎಲ್ಲೋ ಒಂದು ಮಡಲು ಲೈನಿನ ಮೇಲೆ ಬಿತ್ತು. ಕರೆಂಟ್ ಹೋಯಿತು. ಇನ್ವರ್ಟರ್ ಇದೆ, ಟಿವಿ ಉಳಿಯಿತು. ಆದರೆ ಮೋಡೆಮ್‌ನಲ್ಲಿ ಕೆಂಪು ದೀಪ. ಒಂದು ಹಂತದ ಕೊನೆಯ ತನಕ ಬಂದಿದ್ದ ಹುಡುಗ ಶುರುವಿಗೆ ಹೋದ. ಒಬ್ಬನೇ ಕೂತು ಆಡುವ ಕತೆಗೆ ಇಂಟರ್ನೆಟ್ ಯಾಕೆ ಬೇಕು? ಈ ಪ್ರಶ್ನೆ ನ್ಯಾಯವಾದದ್ದು. ವೇಗದ ಸಂಪರ್ಕ ಇರುವ ಊರಿನ ವಿಮರ್ಶಕನಿಗೆ ಇದು ಒಂದು ಸಣ್ಣ ಕಿರಿಕಿರಿ. ಇಲ್ಲಿಯವರಿಗೆ ಇದೇ ದೊಡ್ಡ ದೋಷ. ಅಂಕ ಕೊಡುವವನು ಎಲ್ಲಿ ಕೂತು ಆಡುತ್ತಾನೆ ಎಂಬುದರ ಮೇಲೆಯೇ ತೀರ್ಪು ಬದಲಾಗುತ್ತದೆ.

ಎರಡನೆಯ ಕಾರಣ ಎಐ. ಆಟದಲ್ಲಿ ಸಾಧನೆ ಮಾಡಿದವರಿಗೆ ಹೆಸರಿನ ಜೊತೆ ಹಾಕಿಕೊಳ್ಳಲು ಒಂದು ಚಿಕ್ಕ ಚಿತ್ರ ಸಿಗುತ್ತದೆ. ಅವುಗಳಲ್ಲಿ ಕೆಲವು ಎಐ ಬರೆದ ಚಿತ್ರದ ಹಾಗೇ ಕಂಡವು. ಆಟದ ಕೆಲವು ಚಿತ್ರಸಾಮಗ್ರಿಗೆ ಎಐ ಉಪಕರಣ ಬಳಸುತ್ತೇವೆ ಎಂದು ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಪುಟದಲ್ಲಿ ಕಂಪನಿಯೇ ಬರೆದಿತ್ತು. ಇದಕ್ಕೆ ಇಷ್ಟು ಸಿಟ್ಟು ಯಾಕೆ ಎಂದು ಕೇಳುವವರು ಹಿಂದಿನ ಎರಡು ವರ್ಷ ನೋಡಬೇಕು. 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಸುಮಾರು 69 ಬಿಲಿಯನ್ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಜಾರ್ಡ್ ಕೊಂಡಿತು. 2024ರ ಜನವರಿಯಲ್ಲಿ ಆಟಗಳ ವಿಭಾಗದಿಂದ 1,900 ಜನರನ್ನು ಕೆಲಸದಿಂದ ತೆಗೆಯಿತು. ಅದಾದ ಮೇಲೆ 70 ಡಾಲರಿನ ಆಟದಲ್ಲಿ ಯಂತ್ರ ಬರೆದ ಚಿತ್ರ ಕಂಡರೆ ಜನ ಎರಡನ್ನೂ ಜೋಡಿಸಿಯೇ ನೋಡುತ್ತಾರೆ. ಅಮೆರಿಕದ ಸಂಸದ ರೋ ಖನ್ನಾ ಕೂಡ ಈ ಚಿತ್ರಗಳ ನೆಪದಲ್ಲಿ, ಎಐ ಬಳಸಿ ಕೆಲಸ ಕಿತ್ತುಕೊಳ್ಳುವುದಕ್ಕೆ ಕಡಿವಾಣ ಬೇಕು ಎಂದರು. ಮಂಗಳೂರು, ಬೆಂಗಳೂರು, ಕೊಚ್ಚಿಯಲ್ಲಿ ಅನಿಮೇಷನ್ ಕಲಿಯಲು ಹೋಗಿರುವ ಇಲ್ಲಿನ ಮಕ್ಕಳಿಗೆ ಇದು ದೂರದ ಜಗಳ ಅಲ್ಲ. ಇಂಥ ಚಿಕ್ಕ ಚಿತ್ರ ಬರೆಯುವುದೇ ಹೊಸಬರಿಗೆ ಸಿಗುವ ಮೊದಲ ಕೆಲಸ.

ಮೂರನೆಯದು ಸುಸ್ತು. ‘ಬ್ಲ್ಯಾಕ್ ಆಪ್ಸ್ 6’ ಬಂದದ್ದು 2024ರ ಅಕ್ಟೋಬರ್ 25ಕ್ಕೆ. ಹದಿಮೂರು ತಿಂಗಳು ತುಂಬುವ ಮೊದಲೇ ಏಳನೆಯದು ಬಂತು. 2022 ಮತ್ತು 2023ರಲ್ಲಿ ‘ಮಾಡರ್ನ್ ವಾರ್‌ಫೇರ್’ ಹೀಗೆಯೇ ಸಾಲಾಗಿ ಬಂದಾಗ, ಎರಡನೆಯದಕ್ಕೆ ವಿಮರ್ಶಕರೇ 50ರ ಚಿಲ್ಲರೆ ಅಂಕ ಕೊಟ್ಟಿದ್ದರು. ಎಚ್ಚರಿಕೆ ಆಗಲೇ ಸಿಕ್ಕಿತ್ತು.

ಇದರ ನಡುವೆ ಎದುರಾಳಿಯೂ ಬಂದಿತ್ತು. 2025ರ ಅಕ್ಟೋಬರ್ 10ಕ್ಕೆ ಬಿಡುಗಡೆಯಾದ ‘ಬ್ಯಾಟಲ್‌ಫೀಲ್ಡ್ 6’ ಮೊದಲ ಮೂರು ದಿನದಲ್ಲೇ 70 ಲಕ್ಷಕ್ಕಿಂತ ಜಾಸ್ತಿ ಪ್ರತಿ ಮಾರಾಟವಾಯಿತು. ಪಕ್ಕದ ಅಂಗಡಿಯಲ್ಲಿ ಒಳ್ಳೆಯ ಮಾಲು ನೋಡಿ ಬಂದವರು ಈ ಅಂಗಡಿಯ ಕುಂದನ್ನು ಬೇಗ ಗುರುತಿಸುತ್ತಾರೆ.

2016ರಲ್ಲಿ ಆದದ್ದು

ಇದೇ ಸರಣಿಗೆ ಇಂಥದ್ದೇ ಹೊಡೆತ ಒಮ್ಮೆ ಬಿದ್ದಿತ್ತು. ಅದನ್ನು ಬಿಡಿಸಿ ನೋಡಿದರೆ ಈಗಿನದು ಅರ್ಥವಾಗುತ್ತದೆ.

2016ರ ಮೇ ತಿಂಗಳಲ್ಲಿ ‘ಕಾಲ್ ಆಫ್ ಡ್ಯೂಟಿ: ಇನ್‌ಫಿನಿಟ್ ವಾರ್‌ಫೇರ್’ ಆಟದ ಮೊದಲ ವಿಡಿಯೋ ಬಂತು. ಯುದ್ಧ ಭೂಮಿ ಬಿಟ್ಟು ಬಾಹ್ಯಾಕಾಶಕ್ಕೆ ಹೋಗಿತ್ತು. ಯೂಟ್ಯೂಬಿನಲ್ಲಿ ಆ ವಿಡಿಯೋಗೆ 30 ಲಕ್ಷಕ್ಕಿಂತ ಜಾಸ್ತಿ ಡಿಸ್‌ಲೈಕ್ ಬಿದ್ದವು. ಅದಾದ ಕೆಲವೇ ದಿನಕ್ಕೆ ಮೊದಲ ಮಹಾಯುದ್ಧದ ಕತೆಯ ‘ಬ್ಯಾಟಲ್‌ಫೀಲ್ಡ್ 1’ ವಿಡಿಯೋ ಬಂತು, ಅದನ್ನು ಜನ ಎತ್ತಿ ಮೆರೆಸಿದರು.

ನವೆಂಬರ್‌ನಲ್ಲಿ ಆಟ ಕೈಗೆ ಬಂದಾಗ ವಿಮರ್ಶಕರು ಬೇರೆಯೇ ಹೇಳಿದರು. ಪ್ಲೇಸ್ಟೇಷನ್ ಆವೃತ್ತಿಗೆ ಮೆಟಾಕ್ರಿಟಿಕ್‌ನಲ್ಲಿ 77 ಬಂತು. ಹಡಗಿನಿಂದ ಹಡಗಿಗೆ ಹಾರುವ ಬಾಹ್ಯಾಕಾಶದ ಕತೆಯನ್ನೇ ಅನೇಕರು ಹೊಗಳಿದರು. ಜನ ಬೈದದ್ದು ಯಾವುದನ್ನೋ, ವಿಮರ್ಶಕರು ಮೆಚ್ಚಿದ್ದೂ ಅದನ್ನೇ!

ಹಾಗಾದರೆ ಜನರ ಸಿಟ್ಟು ಯಾವುದರ ಮೇಲೆ? 2014ರ ‘ಅಡ್ವಾನ್ಸ್ಡ್ ವಾರ್‌ಫೇರ್’ ಭವಿಷ್ಯದ ಕತೆ. 2015ರ ‘ಬ್ಲ್ಯಾಕ್ ಆಪ್ಸ್ 3’ ಕೂಡ ಭವಿಷ್ಯದ್ದೇ. ಮೂರನೇ ವರ್ಷವೂ ಅದೇ ಎಂದಾಗ ಸಾಕಾಯಿತು. ಇದರಲ್ಲಿ ಕಂಪನಿಯ ವ್ಯವಸ್ಥೆಯದ್ದೇ ದೋಷ ಇದೆ. ಆಗ ಮೂರು ಸ್ಟುಡಿಯೋಗಳು ಸರದಿಯಲ್ಲಿ ಆಟ ಮಾಡುತ್ತಿದ್ದವು. ಒಂದೊಂದಕ್ಕೆ ಸುಮಾರು ಮೂರು ವರ್ಷ ಹಿಡಿಯುತ್ತಿತ್ತು. ಅಂದರೆ 2016ಕ್ಕೆ ಬಂದ ಆಟದ ಕೆಲಸ ಶುರುವಾಗುವಾಗ 2014ರ, 2015ರ ಆಟಗಳಿಗೆ ಜನ ಏನನ್ನುತ್ತಾರೆ ಎಂದು ಯಾರಿಗೂ ಗೊತ್ತಿರಲು ಸಾಧ್ಯ ಇರಲಿಲ್ಲ. ಜನ ಬೇಸತ್ತದ್ದು ತಿಳಿಯುವ ಹೊತ್ತಿಗೆ ಅಡುಗೆ ಆಗಿಹೋಗಿತ್ತು.

ಇನ್ನೊಂದು ಕಾರಣ ದುಡ್ಡಿನದು. ಜನ ತುಂಬ ಪ್ರೀತಿಸುತ್ತಿದ್ದ ಹಳೆಯ ‘ಮಾಡರ್ನ್ ವಾರ್‌ಫೇರ್’ ಆಟವನ್ನು ಹೊಸದಾಗಿ ಮಾಡಿ, ಇದರ ಜೊತೆಗೆ ಕಟ್ಟಿ ಮಾರಿದರು. ಹಳೆಯದು ಬೇಕಿದ್ದರೆ 60 ಡಾಲರಿನದ್ದಲ್ಲ, 80 ಡಾಲರಿನ ಕಟ್ಟು ಕೊಳ್ಳಬೇಕಿತ್ತು. ಬೇಡದ್ದನ್ನು ಸೇರಿಸಿ ಕೊಟ್ಟರೆ ಯಾರಿಗಾದರೂ ಕೋಪ ಬರುತ್ತದೆ.

ಇಷ್ಟೆಲ್ಲ ಆಗಿಯೂ ಆ ವರ್ಷ ಅಮೆರಿಕದಲ್ಲಿ ಅತಿ ಜಾಸ್ತಿ ಮಾರಾಟವಾದ ಆಟ ಅದೇ. ಆದರೂ ಮಾರಾಟ ಅಂದುಕೊಂಡಷ್ಟು ಆಗಲಿಲ್ಲ, ಬಾಹ್ಯಾಕಾಶದ ಕತೆ ಅಭಿಮಾನಿಗಳಿಗೆ ಹಿಡಿಸಲಿಲ್ಲ ಎಂದು 2017ರ ಫೆಬ್ರವರಿಯಲ್ಲಿ ಕಂಪನಿ ಒಪ್ಪಿಕೊಂಡಿತು. ಆ ವರ್ಷದ ಆಟ ಎರಡನೇ ಮಹಾಯುದ್ಧಕ್ಕೆ ಹಿಂದಿರುಗಿತು.

ಭವಿಷ್ಯದ ಕತೆಯ ತಪ್ಪೇ?

ನನ್ನ ಅಭಿಪ್ರಾಯದಲ್ಲಿ ಕಂಪನಿ ಆಗ ತಪ್ಪು ಪಾಠ ಕಲಿಯಿತು. ಈಗಲೂ ಅದೇ ತಪ್ಪು ಆಗಬಹುದು ಎಂಬ ಭಯ ಇದೆ.

‘ಇನ್‌ಫಿನಿಟ್ ವಾರ್‌ಫೇರ್’ ಬರುವುದಕ್ಕೆ ಒಂದು ವಾರ ಮೊದಲು, 2016ರ ಅಕ್ಟೋಬರ್ 28ಕ್ಕೆ, ‘ಟೈಟನ್‌ಫಾಲ್ 2’ ಬಂದಿತ್ತು. ಅದೂ ಭವಿಷ್ಯದ ಯುದ್ಧವೇ. ದೈತ್ಯ ಯಂತ್ರದ ಒಳಗೆ ಕೂತು ಹೋರಾಡುವ ಸೈನಿಕನ ಕತೆ. ವಿಮರ್ಶಕರು 85ರ ಮೇಲೆ ಕೊಟ್ಟರು. ಆಟಗಾರರೂ ಮೆಚ್ಚಿದರು, ಇವತ್ತಿಗೂ ಅದರ ಕ್ಯಾಂಪೇನನ್ನು ನೆನೆಯುತ್ತಾರೆ. ಎರಡು ದೊಡ್ಡ ಆಟಗಳ ನಡುವೆ ಸಿಕ್ಕಿ ಅದರ ಮಾರಾಟ ಸೊರಗಿತು, ಅದು ಬೇರೆ ಮಾತು. ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ 2012ರ ‘ಬ್ಲ್ಯಾಕ್ ಆಪ್ಸ್ 2’ ಇದೆ. ಅದರ ಕತೆಯ ಒಂದು ಭಾಗ ನಡೆಯುವುದು 2025ರಲ್ಲಿ, ಆಗಿನ ಲೆಕ್ಕಕ್ಕೆ ಹದಿಮೂರು ವರ್ಷ ಮುಂದೆ. ಅಂಕ 80 ದಾಟಿತ್ತು. ಈಗ ಇಷ್ಟು ಬೈಸಿಕೊಂಡ ಏಳನೆಯದು ಅದೇ ಕತೆಯ ಮುಂದುವರಿಕೆ, ನಾಯಕನೂ ಅದೇ ಡೇವಿಡ್ ಮೇಸನ್.

ಕತೆ ಯಾವ ಇಸವಿಯಲ್ಲಿ ನಡೆದರೂ ಜನಕ್ಕೆ ತಕರಾರಿಲ್ಲ ಎಂದು ಇದರಿಂದ ಕಾಣುತ್ತದೆ. 2021ರ ‘ಬ್ಯಾಟಲ್‌ಫೀಲ್ಡ್ 2042’ ಕೂಡ ಇದಕ್ಕೆ ಸಾಕ್ಷಿ. ಅದಕ್ಕೂ ಜನ ಚೆನ್ನಾಗಿ ಬೈದರು. ಬೈದದ್ದು 2042ಕ್ಕಲ್ಲ. ಬಿಡುಗಡೆಯ ಹೊತ್ತಿಗೆ ಕ್ಯಾಂಪೇನ್ ಇಲ್ಲ, ಸರಿಯಾದ ಸ್ಕೋರ್‌ಬೋರ್ಡ್ ಇಲ್ಲ, ತಂಡದವರ ಜೊತೆ ಮಾತಾಡಲು ವಾಯ್ಸ್ ಚಾಟ್ ಕೂಡ ಇಲ್ಲ. 128 ಜನ ಒಟ್ಟಿಗೆ ಆಡಬಹುದು ಎಂದು ದೊಡ್ಡ ಮೈದಾನ ಕೊಟ್ಟರು, ಆ ಮೈದಾನ ಖಾಲಿ ಖಾಲಿ ಅನಿಸಿತು. ಸೈನಿಕರ ಹಳೆಯ ವರ್ಗಗಳನ್ನು ತೆಗೆದು ಬೇರೆ ಪಾತ್ರಗಳನ್ನು ತಂದರು. ‘ಬ್ಯಾಟಲ್‌ಫೀಲ್ಡ್ 6’ ಮಾಡುವಾಗ ಆ ಎದುರಾಳಿ ಕಂಪನಿ ನಾಲ್ಕು ವರ್ಗಗಳನ್ನು ವಾಪಸ್ ತಂದಿತು. ಬಿಡುಗಡೆಗೆ ತಿಂಗಳುಗಳ ಮೊದಲೇ ಆಟಗಾರರನ್ನು ಕರೆದು ಆಡಿಸಿ ನೋಡಿತು. ಫಲ ಕಣ್ಣೆದುರೇ ಇದೆ.

ವಿಮರ್ಶಕರ ಮೇಲೆ ಅನುಮಾನ ಯಾಕೆ

ಆಟಗಾರರ ಒಂದು ವಾದ ಹೀಗಿದೆ: ಜಾಹೀರಾತು ಕೊಡುವ ಕಂಪನಿಗೆ ಪತ್ರಿಕೆಗಳು ಕಮ್ಮಿ ಅಂಕ ಕೊಡುವುದಿಲ್ಲ. ಈ ಮಾತಿಗೆ ಒಂದು ಹಿನ್ನೆಲೆ ಇದೆ. 2007ರಲ್ಲಿ ಗೇಮ್‌ಸ್ಪಾಟ್ ತಾಣದ ಜೆಫ್ ಗರ್ಸ್ಟ್‌ಮನ್ ಎಂಬ ವಿಮರ್ಶಕ ಒಂದು ಆಟಕ್ಕೆ ಹತ್ತಕ್ಕೆ 6 ಕೊಟ್ಟರು. ಅದೇ ಆಟದ ಜಾಹೀರಾತು ಆ ತಾಣದ ತುಂಬ ಇತ್ತು. ಸ್ವಲ್ಪ ದಿನದಲ್ಲೇ ಅವರ ಕೆಲಸ ಹೋಯಿತು. ಅದರ ಹಿಂದೆ ಜಾಹೀರಾತುದಾರರ ಒತ್ತಡ ಇತ್ತೆಂದು 2012ರಲ್ಲಿ ಅವರೇ ಬಾಯಿಬಿಟ್ಟು ಹೇಳಿದರು. ಆ ಒಂದು ಘಟನೆ ಕೆಡಿಸಿದ ವಿಶ್ವಾಸ ಇನ್ನೂ ಸರಿಯಾಗಿಲ್ಲ.

ಆದರೆ ಎಲ್ಲವನ್ನೂ ಲಂಚದ ಲೆಕ್ಕಕ್ಕೆ ಹಾಕುವುದು ತಪ್ಪು. ಬಿಡುಗಡೆಗೆ ಮೊದಲೇ ಆಡುವ ವಿಮರ್ಶಕನಿಗೆ ಸಿಗುವ ಆಟವೇ ಬೇರೆ. ಸರ್ವರ್‌ನಲ್ಲಿ ಜನ ಇರುವುದಿಲ್ಲ, ನೂಕುನುಗ್ಗಲು ಇರುವುದಿಲ್ಲ. ದುಡ್ಡು ಕೊಟ್ಟು ಸಾಮಗ್ರಿ ಕೊಳ್ಳುವ ವ್ಯವಸ್ಥೆ ಕೆಲವೊಮ್ಮೆ ಆಮೇಲೆ ಬರುತ್ತದೆ. 2016ರಲ್ಲಿ ಹೊಸದಾಗಿ ಮಾಡಿದ ಆ ‘ಮಾಡರ್ನ್ ವಾರ್‌ಫೇರ್’ಗೆ ಅಂಥ ವ್ಯವಸ್ಥೆ ಸೇರಿಸಿದ್ದು ಬಿಡುಗಡೆಯಾದ ಮುಂದಿನ ತಿಂಗಳು. ಅಷ್ಟರಲ್ಲಿ ವಿಮರ್ಶೆ ಅಚ್ಚಾಗಿತ್ತು, ಅಂಕವೂ ಸೇರಿತ್ತು.

ಇನ್ನು ಕಂಪನಿಗಳ ಕಡೆಯವರ ವಾದ: ಆಡದವರೂ ಗುಂಪು ಕಟ್ಟಿಕೊಂಡು ಸೊನ್ನೆ ಸುರಿಯುತ್ತಾರೆ. ಇದೂ ಸುಳ್ಳಲ್ಲ. ಅದಕ್ಕಾಗಿಯೇ 2020ರಿಂದ ಮೆಟಾಕ್ರಿಟಿಕ್ ಹೊಸ ಆಟಕ್ಕೆ ಮೊದಲ 36 ಗಂಟೆ ಜನರ ಅಂಕ ತೆಗೆದುಕೊಳ್ಳುವುದಿಲ್ಲ. ಆದರೆ ಗುಂಪಿನ ಸಿಟ್ಟೆಲ್ಲ ಕಿಡಿಗೇಡಿತನವೂ ಅಲ್ಲ. 2024ರ ಮೇ ತಿಂಗಳಲ್ಲಿ ‘ಹೆಲ್‌ಡೈವರ್ಸ್ 2’ ಆಡಲು ಸೋನಿಯ ಖಾತೆ ಕಡ್ಡಾಯ ಎಂದಾಗ, ಆ ಖಾತೆಯೇ ಸಿಗದ ಎಷ್ಟೋ ದೇಶಗಳ ಜನ ದುಡ್ಡು ಕೊಟ್ಟೂ ಹೊರಗುಳಿಯುವ ಪರಿಸ್ಥಿತಿ ಬಂತು. ಸ್ಟೀಮ್‌ನಲ್ಲಿ ಎರಡು ಲಕ್ಷಕ್ಕಿಂತ ಜಾಸ್ತಿ ವಿರೋಧದ ಅಭಿಪ್ರಾಯ ಬಿದ್ದವು. ಕೆಲವೇ ದಿನದಲ್ಲಿ ಸೋನಿ ನಿಯಮ ವಾಪಸ್ ತೆಗೆದುಕೊಂಡಿತು.

ಮುಂದೆ ಏನಾಗಬಹುದು

ಸಾಲಾಗಿ ಒಂದೇ ಹೆಸರಿನ ಆಟ ಬರುವುದಿಲ್ಲ ಎಂಬುದು ನಿಶ್ಚಿತ ಬದಲಾವಣೆ. ಪ್ರತಿ ವರ್ಷ ಒಂದು ಆಟ ಎಂಬ ಕ್ರಮ ಮಾತ್ರ ನಿಂತಿಲ್ಲ. ಸುಸ್ತಿನ ಬೇರು ಇರುವುದು ಅಲ್ಲೇ. 2016ರ ನಂತರದಂತೆ ಈಗಲೂ ಆಕ್ಟಿವಿಷನ್ ಭವಿಷ್ಯ ಬಿಟ್ಟು ಹಿಂದಿನ ಕಾಲಕ್ಕೋ ಇಂದಿನ ಕಾಲಕ್ಕೋ ಹೋಗುವ ಸಾಧ್ಯತೆ ಜಾಸ್ತಿ. ಪಾಸ್ ಗುಂಡಿ ಇಲ್ಲದ ಕ್ಯಾಂಪೇನನ್ನು ಎರಡನೇ ಮಹಾಯುದ್ಧಕ್ಕೆ ಒಯ್ದರೂ ಮುಳ್ಳೇರಿಯದ ಹುಡುಗನಿಗೆ ವ್ಯತ್ಯಾಸ ಆಗುವುದಿಲ್ಲ.

ಅಂಕದ ಹೊಡೆತ ಬೀಳುವುದು ಕೆಳಗಿನವರಿಗೆ ಎಂಬುದನ್ನೂ ಮರೆಯಬಾರದು. 2010ರ ‘ಫಾಲ್‌ಔಟ್: ನ್ಯೂ ವೆಗಾಸ್’ ಆಟಕ್ಕೆ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ಸ್ಟುಡಿಯೋಗೆ ಬೋನಸ್ ಎಂಬ ಒಪ್ಪಂದ ಇತ್ತು. ಬಂದದ್ದು 84. ಒಂದೇ ಅಂಕಕ್ಕೆ ಬೋನಸ್ ಹೋಯಿತು.

ಕೊಳ್ಳುವವರಿಗೆ ಒಂದೆರಡು ದಾರಿ ಇವೆ. ಕಂಪ್ಯೂಟರಿಗೆ ಸ್ಟೀಮ್‌ನಲ್ಲಿ ಕೊಂಡರೆ 14 ದಿನದ ಒಳಗೆ, ಆಡಿದ್ದು ಎರಡು ಗಂಟೆಗಿಂತ ಕಮ್ಮಿ ಇದ್ದರೆ, ದುಡ್ಡು ವಾಪಸ್ ಕೇಳಬಹುದು. ಆದರೆ ಇಳಿಸಿಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರಿನಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳು ಇಲ್ಲದಿದ್ದರೆ ಈ ಆಟ ಆಡಲು ಬಿಡುವುದಿಲ್ಲ. ಹಳೆಯ ಯಂತ್ರ ಇರುವವರು ನೂರು ಜಿಬಿಗಿಂತ ಜಾಸ್ತಿ ಡೇಟಾ ಸುಟ್ಟ ಮೇಲೆ ಇದನ್ನು ತಿಳಿಯುವುದು ಬೇಡ.

ನಮ್ಮ ಮಾತು ಯಾವ ಲೆಕ್ಕಕ್ಕೆ

ಸ್ಟೀಮ್ ಅಂಕದ ಪದ್ಧತಿ ಮೆಟಾಕ್ರಿಟಿಕ್‌ಗಿಂತ ಮೇಲು ಎನ್ನಲು ಕಾರಣ ಇದೆ. ಅಲ್ಲಿ ಆಟ ಇದ್ದವರೇ ಬರೆಯಬೇಕು, ಎಷ್ಟು ಗಂಟೆ ಆಡಿದ್ದಾರೆ ಎಂದೂ ಕಾಣುತ್ತದೆ. 2025ರ ಆಗಸ್ಟ್‌ನಿಂದ ಅದು ಭಾಷೆವಾರು ಅಂಕವನ್ನೂ ತೋರಿಸುತ್ತಿದೆ. ಜಪಾನಿನವರಿಗೆ ಹಿಡಿಸಿದ್ದು ಜರ್ಮನಿಯವರಿಗೆ ಹಿಡಿಸದೇ ಇರಬಹುದು, ಅನುವಾದ ಕೆಟ್ಟದಾಗಿದ್ದರೆ ಆ ಭಾಷೆಯವರು ಮಾತ್ರ ಬೈಯುತ್ತಾರೆ. ಎಲ್ಲರನ್ನೂ ಒಂದೇ ಗೋಣಿಗೆ ಹಾಕದೆ ಬೇರೆ ಬೇರೆ ರಾಶಿ ಮಾಡಿದ ಹಾಗೆ. ಒಳ್ಳೆಯ ಬದಲಾವಣೆ.

ಆದರೆ ಅಭಿಪ್ರಾಯ ಬರೆಯುವಾಗ ಭಾಷೆ ಆರಿಸುವ ಆ ಪಟ್ಟಿಯಲ್ಲಿ ಕನ್ನಡ ಇಲ್ಲ. ಮಲಯಾಳವೂ ಇಲ್ಲ. ಮಳೆಗೆ ಸಂಪರ್ಕ ತಪ್ಪಿ ಮೂರು ಸಲ ಶುರುವಿನಿಂದ ಆಡಿದವನು ಅದನ್ನು ಕನ್ನಡದಲ್ಲೇ ಬರೆದರೂ ಬೇರೆ ಯಾವುದೋ ಭಾಷೆಯ ಹೆಸರಿನಡಿ ಹಾಕಬೇಕು. ಹೆಚ್ಚಿನವರು ಇಂಗ್ಲಿಷ್ ಆರಿಸುತ್ತಾರೆ. ವೇಗದ ಇಂಟರ್ನೆಟ್ ಇರುವ ಊರುಗಳ ಲಕ್ಷಗಟ್ಟಲೆ ಮಾತಿನ ನಡುವೆ ಅದು ಸೇರಿಹೋಗುತ್ತದೆ. ಊರು ಕೇರಳಕ್ಕೆ ಸೇರಿದ 1956ರಿಂದ ಯಾವ ಪಟ್ಟಿಯಲ್ಲಿ ಯಾವ ಭಾಷೆಯವರೆಂದು ಎಣಿಸುತ್ತಾರೆ ಎಂಬುದನ್ನೇ ಕಾಯುತ್ತ ಬಂದಿರುವ ಕಾಸರಗೋಡಿನ ಕನ್ನಡಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.